ಗಿಟಾರ್ ತಯಾರಿಕೆಯ ಕೈ ಉಪಕರಣಗಳು ಮತ್ತು ರೂಟರ್

ಗಿಟಾರ್ ತಯಾರಿಕೆಯ ಉಪಕರಣಗಳು ಎಂದರೆ ಗಿಟಾರ್ ವಾದ್ಯದ ಒಡಲು, ಕುತ್ತಿಗೆ, ಬೆರಳುಹಲಗೆ ಮುಂತಾದ ಭಾಗಗಳನ್ನು ಮರದಲ್ಲಿ ರೂಪಿಸಲು, ಅವನ್ನು ಒಂದಕ್ಕೊಂದು ಜೋಡಿಸಲು ಮತ್ತು ವಾದ್ಯವನ್ನು ನುಡಿಸಲು ಯೋಗ್ಯವಾಗುವಂತೆ ಹದಗೊಳಿಸಲು ಬಳಸುವ ಸಾಧನಗಳು. ಇವುಗಳಲ್ಲಿ ಬಹುಪಾಲು ಸಾಮಾನ್ಯ ಬಡಗಿಯ ಪೆಟ್ಟಿಗೆಯಲ್ಲಿ ಇರುವಂಥವೇ: ಗರಗಸ, ಉಳಿ, ಹತ್ತರಿ, ಅರ, ಬೈರಿಗೆ, ಮೂಲೆಮಟ್ಟ. ಫ್ರೆಟ್ ಕೂರಿಸುವ ಕೆಲಸಕ್ಕೆ ಬೇಕಾದ ಕೆಲವು ಸಾಧನಗಳು ಮಾತ್ರ ಈ ವಾದ್ಯಕ್ಕೆ ವಿಶಿಷ್ಟವಾದವು. ಇಪ್ಪತ್ತನೆಯ ಶತಮಾನದಲ್ಲಿ ಇವುಗಳ ಜೊತೆಗೆ ರೂಟರ್ ಎಂಬ ವಿದ್ಯುತ್ ಯಂತ್ರವೂ ಸೇರಿಕೊಂಡಿತು. ಮರದಲ್ಲಿ ಕುಳಿ, ತೋಡು ಮತ್ತು ಅಂಚುಗಳನ್ನು ಕೊರೆಯುವ ಈ ಯಂತ್ರಕ್ಕೂ ಗಣಕಜಾಲದ ರೂಟರಿಗೂ ಹೆಸರಿನ ಹೊರತು ಬೇರೆ ಸಂಬಂಧವಿಲ್ಲ.

ಇಂತಹ ತಂತಿವಾದ್ಯಗಳ ತಯಾರಕರನ್ನು ಲೂಥಿಯರ್ ಎಂದು ಕರೆಯುತ್ತಾರೆ. ಲ್ಯೂಟ್ ವಾದ್ಯದ ಫ್ರೆಂಚ್ ಹೆಸರಿನಿಂದ ಈ ಪದ ಬಂದಿದೆ. ವೃತ್ತಿಪರರ ಕಾರ್ಯಾಗಾರದಲ್ಲಿ ಕಾಣುವ ಸಾಲುಸಾಲು ಸಾಧನಗಳನ್ನು ನೋಡಿದ ಹೊಸಬರು ಅವೆಲ್ಲವನ್ನೂ ಕೊಂಡ ಮೇಲೆಯೇ ಕೆಲಸ ಆರಂಭಿಸಬೇಕೆಂದು ಭಾವಿಸುವುದುಂಟು. ಕೈಯಲ್ಲಿದ್ದ ಹಣವೆಲ್ಲ ಯಂತ್ರಕ್ಕೆ ಹೋಗಿ, ಮೊದಲ ವಾದ್ಯ ಅರ್ಧಕ್ಕೆ ನಿಲ್ಲುವುದು ಈ ಹವ್ಯಾಸದಲ್ಲಿ ಅಪರೂಪವೇನಲ್ಲ. ವಾಸ್ತವದಲ್ಲಿ ಗಿಟಾರಿನ ಹೆಚ್ಚಿನ ಕೆಲಸಗಳು ಅಗ್ಗದ ಉಪಕರಣವನ್ನು ಸಹಿಸಿಕೊಳ್ಳುತ್ತವೆ; ಕೆಲವೇ ಕೆಲಸಗಳು ಸಹಿಸುವುದಿಲ್ಲ. ಫ್ರೆಟ್‌ಗಳ ಸ್ಥಾನ, ಬೆರಳುಹಲಗೆಯ ಸಮತೆ, ಕುತ್ತಿಗೆಯು ಒಡಲಿಗೆ ಸೇರುವ ಕೂಡುಜಾಗ ಈ ಮೂರರಲ್ಲಿ ಆದ ತಪ್ಪನ್ನು ಬಣ್ಣ ಬಳಿದು ಮುಚ್ಚಲಾಗದು. ಆದ್ದರಿಂದ ಸೀಮಿತ ಹಣವುಳ್ಳವರು ಉಪಕರಣಗಳ ಆಯ್ಕೆಯನ್ನು ಈ ಮೂರನ್ನು ಮುಂದಿಟ್ಟುಕೊಂಡೇ ಮಾಡುವುದು ಯುಕ್ತ.

ಮೊದಲ ಪ್ರಯತ್ನಕ್ಕೆ ಸಾಮಾನ್ಯವಾಗಿ ಘನ ಒಡಲಿನ ಎಲೆಕ್ಟ್ರಿಕ್ ಗಿಟಾರನ್ನು ಸೂಚಿಸಲಾಗುತ್ತದೆ. ತೆಳುವಾದ ಹಲಗೆಗಳನ್ನು ಕಾಯಿಸಿ ಬಾಗಿಸುವ ಕೆಲಸ ಅದರಲ್ಲಿಲ್ಲ. ಕೆಳಗಿನ ವಿವರಗಳು ಹೆಚ್ಚಾಗಿ ಆ ಬಗೆಯ ವಾದ್ಯಕ್ಕೆ ಅನ್ವಯಿಸುತ್ತವೆ.

ಹಿನ್ನೆಲೆ

ಇಂದಿನ ಶಾಸ್ತ್ರೀಯ ಗಿಟಾರಿನ ರೂಪವನ್ನು ನೆಲೆಗೊಳಿಸಿದ ಸ್ಪೇನ್ ದೇಶದ ಆಂಟೋನಿಯೊ ಡಿ ಟೊರೆಸ್ (1817–1892) ಮೂಲತಃ ಬಡಗಿ. ಅವನ ಕಾಲದಲ್ಲಿ ವಿದ್ಯುತ್ ಯಂತ್ರಗಳಿರಲಿಲ್ಲ. ಗರಗಸ, ಉಳಿ, ಹತ್ತರಿ, ಕೆರೆಯುವ ತಗಡು ಮತ್ತು ಸರೇಸಿನಿಂದಲೇ ಅವನ ವಾದ್ಯಗಳು ರೂಪುಗೊಂಡವು. ಗಿಟಾರಿನ ನಾದದಲ್ಲಿ ಮೇಲ್ಹಲಗೆಯ ಪಾತ್ರವೇ ಪ್ರಧಾನವೆಂದು ತೋರಿಸಲು ಅವನು 1862ರಲ್ಲಿ ಬದಿ ಮತ್ತು ಬೆನ್ನನ್ನು ಕಾಗದದ ರಟ್ಟಿನಿಂದ ಮಾಡಿದ ಗಿಟಾರ್ ಒಂದನ್ನು ನಿರ್ಮಿಸಿದ. ಅದು ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಯಂತ್ರವನ್ನು ನಂಬಿದ ತಯಾರಿಕೆಯ ದಾರಿಯನ್ನು ಜನಪ್ರಿಯಗೊಳಿಸಿದವನು ಅಮೆರಿಕದ ಲಿಯೊ ಫೆಂಡರ್. ಅವನ ಸಂಸ್ಥೆ 1950ರಲ್ಲಿ ಮಾರುಕಟ್ಟೆಗೆ ತಂದ, ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನ ಒಡಲು ಒಂದು ಚಪ್ಪಟೆ ಹಲಗೆ. ಅದರಲ್ಲಿ ಅಚ್ಚಿನ ಪ್ರಕಾರ ಕುಳಿಗಳನ್ನು ಕೊರೆದು, ಕುತ್ತಿಗೆಯನ್ನು ನಾಲ್ಕು ತಿರುಪುಗಳಿಂದ ಬಿಗಿಯಲಾಗುತ್ತಿತ್ತು. ಮನೆಯಲ್ಲಿ ಗಿಟಾರ್ ಮಾಡುವವರು ಇಂದಿಗೂ ಹೆಚ್ಚಾಗಿ ಅನುಸರಿಸುವುದು ಈ ವಿನ್ಯಾಸವನ್ನೇ.

ಕಡಿಮೆ ಖರ್ಚಿನ ತಯಾರಿಕೆಗೆ ಪ್ರಸಿದ್ಧ ನಿದರ್ಶನವೆಂದರೆ ಕ್ವೀನ್ ತಂಡದ ಬ್ರಿಯಾನ್ ಮೇ ಅವರ 'ರೆಡ್ ಸ್ಪೆಷಲ್' ಗಿಟಾರ್. ಅಂಗಡಿಯ ಗಿಟಾರ್ ಕೊಳ್ಳಲು ಹಣವಿಲ್ಲದ ಕಾರಣ ಮೇ ಶಾಲಾ ವಿದ್ಯಾರ್ಥಿಯಾಗಿದ್ದಾಗ 1963ರಲ್ಲಿ ತಂದೆ ಹೆರಾಲ್ಡ್ ಮೇ ಅವರೊಂದಿಗೆ ಇದರ ಕೆಲಸ ಆರಂಭಿಸಿದರು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ, ತಂತಿಯನ್ನು ಎಳೆಯುವ ವ್ಯವಸ್ಥೆಗೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು, ಬೆರಳುಹಲಗೆಯ ಗುರುತುಗಳಿಗೆ ಮುತ್ತಿನ ಚಿಪ್ಪಿನ ಗುಂಡಿಗಳು ಬಳಕೆಯಾದವು. ಮರಗೆಲಸವೆಲ್ಲ ಬಹುತೇಕ ಕೈ ಉಪಕರಣಗಳಿಂದಲೇ ನಡೆಯಿತು. ಆ ಗಿಟಾರನ್ನು ಮೇ ತಮ್ಮ ವೃತ್ತಿಜೀವನದುದ್ದಕ್ಕೂ ನುಡಿಸಿದ್ದಾರೆ.

ಅಳತೆಯ ಉಪಕರಣಗಳು

ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಮೇಳ ಕಟ್ಟುವವರು ಕಿವಿಯಿಂದ ಸ್ವರವನ್ನು ಪರೀಕ್ಷಿಸುತ್ತಾ ಮೆಟ್ಟಿಲನ್ನು ಅತ್ತಿತ್ತ ಸರಿಸಬಹುದು. ಕಾಲಾಂತರದಲ್ಲಿ ಮೇಣ ಸಡಿಲವಾದರೆ ಮತ್ತೆ ಕಟ್ಟಬಹುದು. ಗಿಟಾರಿನಲ್ಲಿ ಈ ಅವಕಾಶವಿಲ್ಲ. ಅದರ ಫ್ರೆಟ್‌ಗಳು ಬೆರಳುಹಲಗೆಯಲ್ಲಿ ಗರಗಸದಿಂದ ಕೊಯ್ದ ಕಚ್ಚುಗಳಲ್ಲಿ ಬಿಗಿಯಾಗಿ ಕೂರುತ್ತವೆ. ಕಚ್ಚು ತಪ್ಪು ಜಾಗದಲ್ಲಿ ಬಿದ್ದರೆ ವಾದ್ಯದ ಆಯುಷ್ಯವಿರುವವರೆಗೂ ಆ ಸ್ವರ ತಪ್ಪಾಗಿಯೇ ನುಡಿಯುತ್ತದೆ. ಆದುದರಿಂದ ಗಿಟಾರ್ ತಯಾರಿಕೆಯಲ್ಲಿ ಮೊದಲು ಕೊಳ್ಳಬೇಕಾದದ್ದು ಕತ್ತರಿಸುವ ಸಾಧನವಲ್ಲ, ಅಳೆಯುವ ಸಾಧನ.

ನಟ್ ಎನ್ನುವ ಮೇಲಿನ ಪಟ್ಟಿಯಿಂದ ಬ್ರಿಡ್ಜ್‌ವರೆಗೆ ತಂತಿಯು ಕಂಪಿಸುವ ಉದ್ದಕ್ಕೆ ಸ್ಕೇಲ್ ಉದ್ದ ಎಂದು ಹೆಸರು. ವೀಣೆಯ ಕುದುರೆ ಮಾಡುವ ಕೆಲಸವನ್ನು ಇಲ್ಲಿ ಬ್ರಿಡ್ಜ್ ಮಾಡುತ್ತದೆ. ಫೆಂಡರ್ ಬಗೆಯ ಗಿಟಾರಿನಲ್ಲಿ ಸ್ಕೇಲ್ ಉದ್ದ ಸುಮಾರು 648 ಮಿ.ಮೀ., ಶಾಸ್ತ್ರೀಯ ಗಿಟಾರಿನಲ್ಲಿ ಸಾಮಾನ್ಯವಾಗಿ 650 ಮಿ.ಮೀ. ಒಂದು ಸ್ಥಾಯಿಯನ್ನು ಹನ್ನೆರಡು ಸಮಾನ ಅರ್ಧಸ್ವರಗಳಾಗಿ ವಿಭಾಗಿಸುವ ಪದ್ಧತಿಯಲ್ಲಿ, ಉಳಿದಿರುವ ತಂತಿಯ ಉದ್ದವನ್ನು ಪ್ರತಿ ಸಲವೂ 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ಅಂತರ ದೊರೆಯುತ್ತದೆ. 648 ಮಿ.ಮೀ. ಉದ್ದಕ್ಕೆ ನಟ್‌ನಿಂದ ಮೊದಲ ಫ್ರೆಟ್ 36.37 ಮಿ.ಮೀ., ಎರಡನೆಯದು 70.70, ಐದನೆಯದು 162.55, ಏಳನೆಯದು 215.51, ಹನ್ನೆರಡನೆಯದು ಸರಿಯಾಗಿ ಅರ್ಧ, ಅಂದರೆ 324 ಮಿ.ಮೀ. ದೂರದಲ್ಲಿರುತ್ತದೆ.

ಹಿಂದೆ ಈ ಲೆಕ್ಕಕ್ಕೆ 17.817ರ ಬದಲು 18ನ್ನು ಬಳಸುತ್ತಿದ್ದರು. ಖಗೋಳ ವಿಜ್ಞಾನಿ ಗೆಲಿಲಿಯೊನ ತಂದೆ, ಲ್ಯೂಟ್ ವಾದಕ ವಿನ್ಸೆಂಜೊ ಗೆಲಿಲಿ 1581ರ ತನ್ನ ಗ್ರಂಥದಲ್ಲಿ ಈ ನಿಯಮವನ್ನು ಪ್ರತಿಪಾದಿಸಿದ್ದ. ಅದರಂತೆ ಲೆಕ್ಕ ಹಾಕಿದರೆ ಹನ್ನೆರಡನೆಯ ಫ್ರೆಟ್ 324ರ ಬದಲು ಸುಮಾರು 321.6 ಮಿ.ಮೀ.ಗೆ ಬೀಳುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ನಿಯಮ ಕಂಡರೆ ಅದನ್ನು ಅನುಸರಿಸಬಾರದು.

ಎಷ್ಟು ತಪ್ಪು ಸಹ್ಯ ಎಂಬುದನ್ನೂ ಲೆಕ್ಕದಿಂದಲೇ ತಿಳಿಯಬಹುದು. ಅರ್ಧಸ್ವರದ ನೂರನೆಯ ಒಂದು ಭಾಗವನ್ನು ಸೆಂಟ್ ಎನ್ನುತ್ತಾರೆ. ಮೇಲಿನ ಗಿಟಾರಿನಲ್ಲಿ ಅರ್ಧ ಮಿ.ಮೀ. ತಪ್ಪು ಮೊದಲ ಫ್ರೆಟ್‌ನಲ್ಲಿ ಸುಮಾರು 1.4 ಸೆಂಟ್, ಹನ್ನೆರಡನೆಯದರಲ್ಲಿ 2.7 ಸೆಂಟ್, ಇಪ್ಪತ್ತನೆಯದರಲ್ಲಿ 4.2 ಸೆಂಟ್‌ನಷ್ಟು ಅಪಸ್ವರವನ್ನು ಉಂಟುಮಾಡುತ್ತದೆ. ಬ್ರಿಡ್ಜ್‌ನ ಸ್ಥಾನವನ್ನು ತುಸು ಹಿಂದೆ ಮುಂದೆ ಸರಿಸಿ ಒಟ್ಟು ಉದ್ದದ ದೋಷವನ್ನು ಸರಿಪಡಿಸಬಹುದು; ಆದರೆ ಫ್ರೆಟ್‌ಗಳ ನಡುವಣ ಅಂತರದ ದೋಷಕ್ಕೆ ಅದು ಮದ್ದಲ್ಲ.

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತಾ ಹೋಗುವುದು. ಪ್ರತಿ ಗೆರೆಗೆ 0.2 ಮಿ.ಮೀ. ಒಂದೇ ಕಡೆಗೆ ತಪ್ಪಿದರೂ 22ನೆಯ ಫ್ರೆಟ್‌ನ ವೇಳೆಗೆ ಅದು 4 ಮಿ.ಮೀ. ದಾಟುತ್ತದೆ. ಎಲ್ಲ ಅಳತೆಗಳನ್ನೂ ನಟ್‌ನಿಂದಲೇ ತೆಗೆದುಕೊಂಡರೆ ತಪ್ಪು ಕೂಡುತ್ತಾ ಹೋಗುವುದಿಲ್ಲ. ಈ ಕೆಲಸಕ್ಕೆ ಕೆತ್ತಿದ ಗೆರೆಗಳುಳ್ಳ ಉಕ್ಕಿನ ಸ್ಕೇಲು ಬೇಕು. ಬಟ್ಟೆ ಅಳೆಯುವ ಟೇಪಾಗಲಿ, ಸುರುಳಿ ಟೇಪಾಗಲಿ ಒದಗುವುದಿಲ್ಲ. ಸುರುಳಿ ಟೇಪಿನ ತುದಿಯ ಕೊಕ್ಕೆ ಅಲುಗಾಡುವುದೇ ಅದಕ್ಕೆ ಕಾರಣ. ಒಂದು ಮೀಟರಿನ ಉಕ್ಕಿನ ಸ್ಕೇಲು, 150 ಮಿ.ಮೀ.ನ ಸಣ್ಣ ಸ್ಕೇಲು, ಒಂದು ಮೂಲೆಮಟ್ಟ, ಹರಿತವಾದ ಗುರುತುಕತ್ತಿ ಮತ್ತು ಒಂದು ವರ್ನಿಯರ್ ಕ್ಯಾಲಿಪರ್ ಇಷ್ಟೇ ಸಾಕು. ಪೆನ್ಸಿಲಿನ ಗೆರೆಗೇ ಅರ್ಧ ಮಿ.ಮೀ. ದಪ್ಪವಿರುವುದರಿಂದ ಫ್ರೆಟ್ ಗೆರೆಗಳನ್ನು ಕತ್ತಿಯಿಂದಲೇ ಎಳೆಯಬೇಕು.

ಮೂಲೆಮಟ್ಟವನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಒಂದು ಗೆರೆ ಎಳೆದು, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿಯಾಗಿದೆ. ಬೆಲೆಗೂ ಈ ಪರೀಕ್ಷೆಯ ಫಲಿತಾಂಶಕ್ಕೂ ಯಾವಾಗಲೂ ಸಂಬಂಧವಿರುವುದಿಲ್ಲ.

ಕಚ್ಚುಗಳನ್ನು ಸ್ವತಃ ಕೊಯ್ಯಲು ಧೈರ್ಯವಿಲ್ಲದವರಿಗೆ ಕಚ್ಚು ಕೊಯ್ದ ಬೆರಳುಹಲಗೆಯೇ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಫ್ರೆಟ್ ಗರಗಸ, ಅದನ್ನು ಹಿಡಿದಿಡುವ ಪೆಟ್ಟಿಗೆ ಎರಡನ್ನೂ ಕೊಳ್ಳುವುದಕ್ಕಿಂತ ಒಂದೇ ವಾದ್ಯ ಮಾಡುವವರಿಗೆ ಇದು ಅಗ್ಗವಾಗುವುದೇ ಹೆಚ್ಚು.

ಕೊಯ್ಯುವ ಮತ್ತು ಕೀಸುವ ಉಪಕರಣಗಳು

ಫ್ರೆಟ್‌ನ ಕಾಲು ಕೂರುವ ಕಚ್ಚಿನ ಅಗಲ ಸುಮಾರು 0.6 ಮಿ.ಮೀ. ಸಾಮಾನ್ಯ ಗರಗಸ ಇದಕ್ಕಿಂತ ಅಗಲವಾಗಿ ಕೊಯ್ಯುವುದರಿಂದ ಫ್ರೆಟ್ ಸಡಿಲವಾಗಿ ಕೂರುತ್ತದೆ. ಈ ಒಂದು ಕೆಲಸಕ್ಕೆ ಮಾತ್ರ ವಿಶೇಷ ಗರಗಸ ಅವಶ್ಯಕ. ಒಡಲಿನ ಆಕಾರವನ್ನು ಒರಟಾಗಿ ಕೊಯ್ಯಲು ಕೋಪಿಂಗ್ ಗರಗಸವೋ ಬಿಲ್ಲುಗರಗಸವೋ ಸಾಕು. 45 ಮಿ.ಮೀ. ದಪ್ಪದ ಹಲಗೆಯನ್ನು ಕೈಯಿಂದ ಕೊಯ್ಯುವುದು ಶ್ರಮದ ಕೆಲಸ. ಹತ್ತಿರದ ಮರದ ಮಿಲ್ಲಿನಲ್ಲಿ ಪಟ್ಟಿಗರಗಸವಿದ್ದರೆ ಅಲ್ಪ ಕೂಲಿಗೆ ಇದನ್ನು ಮಾಡಿಸಿಕೊಳ್ಳಬಹುದು. ಹಲಗೆಯನ್ನು ಬೇಕಾದ ದಪ್ಪಕ್ಕೆ ಇಳಿಸುವ ಕೆಲಸವನ್ನೂ ಅಲ್ಲಿಯೇ ಮುಗಿಸಿಕೊಂಡರೆ ದುಬಾರಿ ಯಂತ್ರವೊಂದರ ಖರ್ಚು ಉಳಿಯುತ್ತದೆ.

ಹತ್ತರಿಗಳಲ್ಲಿ ಒಂದೇ ಒಂದನ್ನು ಕೊಳ್ಳುವುದಾದರೆ ಸುಮಾರು 350 ಮಿ.ಮೀ. ಉದ್ದದ, ಕಬ್ಬಿಣದ ಒಡಲಿನ ಹತ್ತರಿಯನ್ನು ಕೊಳ್ಳಬೇಕು. ಸ್ಟ್ಯಾನ್ಲಿ ಕಂಪನಿಯ ಎಣಿಕೆಯಲ್ಲಿ ಇದು 5ನೆಯ ಸಂಖ್ಯೆಯದು. ಬೇರೆ ತಯಾರಕರೂ ಇದೇ ಸಂಖ್ಯೆಯನ್ನು ಬಳಸುತ್ತಾರೆ. ಒಡಲಿನ ಎರಡು ಹಲಗೆಗಳನ್ನು ಅಂಟಿಸುವ ಮೊದಲು ಅಂಚನ್ನು ನೇರಗೊಳಿಸಲೂ ಬೆರಳುಹಲಗೆಯನ್ನು ಸಮಗೊಳಿಸಲೂ ಇದು ನೆರವಾಗುತ್ತದೆ. ಅಗ್ಗದ ಹತ್ತರಿಯ ತಳ ಸಾಮಾನ್ಯವಾಗಿ ತುಸು ಉಬ್ಬುತಗ್ಗಾಗಿರುತ್ತದೆ. ದಪ್ಪ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಅಲಗನ್ನು ಒಳಕ್ಕೆ ಎಳೆದುಕೊಂಡು, ತಳವನ್ನು ಉಜ್ಜಿದರೆ ಒಂದೆರಡು ಗಂಟೆಗಳಲ್ಲಿ ಅದು ಬೆಲೆಬಾಳುವ ಹತ್ತರಿಯ ಸಮಕ್ಕೆ ಬರುತ್ತದೆ. ಹಳೆಯ ಬಡಗಿಯ ಮನೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಹತ್ತರಿ ಹೊಸ ಅಗ್ಗದ ಹತ್ತರಿಗಿಂತ ಮೇಲಾಗಿರುವುದೂ ಉಂಟು. ತುಕ್ಕನ್ನು ತೆಗೆಯಬಹುದು; ಒಡಲಿನ ಎರಕ ಸೀಳಿದ್ದರೆ ಮಾತ್ರ ಅದನ್ನು ಬಿಡಬೇಕು.

ಉಳಿಗಳಲ್ಲಿ 6, 12 ಮತ್ತು 25 ಮಿ.ಮೀ. ಅಗಲದ ಮೂರು ಸಾಕು. ಹತ್ತು ಹನ್ನೆರಡು ಉಳಿಗಳ ಪೆಟ್ಟಿಗೆಯನ್ನು ಕಡಿಮೆ ಬೆಲೆಗೆ ಕೊಳ್ಳುವ ಬದಲು ಅದೇ ಹಣಕ್ಕೆ ಒಳ್ಳೆಯ ಉಕ್ಕಿನ ಮೂರನ್ನು ಕೊಂಡರೆ ಲಾಭ. ಕುತ್ತಿಗೆಯ ಹಿಂಬದಿಯನ್ನು ಅಂಗೈಗೆ ಒಪ್ಪುವಂತೆ ದುಂಡಾಗಿಸಲು ಹಲ್ಲುಹಲ್ಲಾದ ಒರಟು ಅರ ಮತ್ತು ಸ್ಪೋಕ್‌ಶೇವ್ ಎಂಬ ಎರಡು ಹಿಡಿಯ ಸಣ್ಣ ಹತ್ತರಿ ಬಳಕೆಯಲ್ಲಿವೆ. ಗಿಟಾರ್ ತಯಾರಿಕೆಯಲ್ಲಿ ಅತ್ಯಂತ ಸಂತೋಷ ಕೊಡುವ ಕೆಲಸ ಇದೆಂದು ಅನೇಕರು ಹೇಳುತ್ತಾರೆ. ಇಲ್ಲಿ ಯಂತ್ರದ ಅಗತ್ಯವೇ ಬೀಳುವುದಿಲ್ಲ.

ಹರಿತಗೊಳಿಸುವಿಕೆ

ಮೊಂಡಾದ ದುಬಾರಿ ಉಳಿಗಿಂತ ಹರಿತವಾದ ಅಗ್ಗದ ಉಳಿ ಮೇಲು. ಮೊಂಡು ಅಲಗಿಗೆ ಹೆಚ್ಚು ಬಲ ಬೇಕಾಗುತ್ತದೆ. ಹೆಚ್ಚು ಬಲ ಹಾಕಿದಾಗ ಉಳಿ ಜಾರಿ ಮರವನ್ನೂ ಕೈಯನ್ನೂ ಗಾಯಗೊಳಿಸುತ್ತದೆ. ಸಾಣೆಕಲ್ಲುಗಳ ಸಾಲನ್ನು ಕೊಳ್ಳಲಾಗದವರು ದಪ್ಪ ಗಾಜಿನ ತುಂಡಿನ ಮೇಲೆ 220, 400, 800, 1500, 2000 ಅಂಕಿಯ ನೀರುಕಾಗದಗಳನ್ನು ಅಂಟಿಸಿ ಬಳಸಬಹುದು. ಉಳಿಯ ಬೆನ್ನನ್ನು ಮೊದಲು ಸಂಪೂರ್ಣ ಚಪ್ಪಟೆಯಾಗಿಸಿ, ಬಳಿಕ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿ ಕೋನದಲ್ಲಿ ಉಜ್ಜಬೇಕು. ಕೋನ ತಪ್ಪದಂತೆ ಉಳಿಯನ್ನು ಹಿಡಿಯುವ ಗಾಲಿಯ ಸಾಧನ ಕಡಿಮೆ ಬೆಲೆಗೆ ಸಿಗುತ್ತದೆ. ಮೆದು ಮರದ ಅಡ್ಡಕೊಯ್ತದ ಮುಖವನ್ನು ಪುಡಿಯಾಗದಂತೆ ನುಣುಪಾಗಿ ಕೆತ್ತಿದರೆ ಅಲಗು ಹದವಾಗಿದೆ ಎಂದು ಅರ್ಥ.

ರೂಟರ್

ವಿದ್ಯುತ್ ರೂಟರ್ ಬರುವ ಮೊದಲು ಇದೇ ಹೆಸರಿನ ಕೈ ಉಪಕರಣವಿತ್ತು. ಮರದ ತುಂಡಿನಿಂದ ಒಂದೇ ಅಲಗು ಕೆಳಗೆ ಚಾಚಿಕೊಂಡಿರುತ್ತಿದ್ದ ಅದನ್ನು ಇಂಗ್ಲೆಂಡಿನ ಬಡಗಿಗಳು 'ಮುದುಕಿಯ ಹಲ್ಲು' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಕುಳಿಯ ತಳವನ್ನು ಸಮನಾಗಿ ಕೀಸಲು ಅದು ಇಂದಿಗೂ ಬಳಕೆಯಲ್ಲಿದೆ. ಬೈರಿಗೆಯಿಂದ ಒತ್ತೊತ್ತಾಗಿ ತೂತು ಕೊರೆದು, ಉಳಿಯಿಂದ ಗೋಡೆಗಳನ್ನು ನೇರಗೊಳಿಸಿ, ಈ ಕೈ ರೂಟರಿನಿಂದ ತಳವನ್ನು ಸಮಗೊಳಿಸಿದರೆ ಎಲೆಕ್ಟ್ರಿಕ್ ಗಿಟಾರಿನ ಎಲ್ಲ ಕುಳಿಗಳನ್ನೂ ವಿದ್ಯುತ್ ಇಲ್ಲದೆಯೇ ಮಾಡಬಹುದು. ವಿದ್ಯುತ್ ರೂಟರ್ ಅನಿವಾರ್ಯ ಎಂಬುದು ಸರಿಯಲ್ಲ. ಅದು ಸಮಯವನ್ನು ಉಳಿಸುತ್ತದೆ, ಒಂದೇ ಆಕಾರವನ್ನು ಮತ್ತೆ ಮತ್ತೆ ತೆಗೆಯಲು ನೆರವಾಗುತ್ತದೆ.

ಗಾತ್ರದ ಆಯ್ಕೆ. ವಿದ್ಯುತ್ ರೂಟರುಗಳು ಸ್ಥೂಲವಾಗಿ ಎರಡು ಬಗೆ. ಒಂದೇ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಯಂತ್ರವನ್ನು ಪೇಟೆಯಲ್ಲಿ ಟ್ರಿಮ್ಮರ್ ಎನ್ನುತ್ತಾರೆ. ಇದರ ಶಕ್ತಿ ಸಾಮಾನ್ಯವಾಗಿ 500ರಿಂದ 700 ವ್ಯಾಟ್, ವೇಗ ನಿಮಿಷಕ್ಕೆ ಸುಮಾರು 30,000 ಸುತ್ತು. ಎರಡು ಹಿಡಿಗಳುಳ್ಳ ದೊಡ್ಡ ರೂಟರ್ ಸಾವಿರ ವ್ಯಾಟಿಗಿಂತ ಹೆಚ್ಚಿನ ಶಕ್ತಿಯದು, 12 ಮಿ.ಮೀ. ದಂಡದ ಬಿಟ್‌ಗಳನ್ನೂ ಹಿಡಿಯುತ್ತದೆ. ಮೊದಲ ಗಿಟಾರಿಗೆ ಟ್ರಿಮ್ಮರ್ ಸಾಕು. ಅದು ಹಗುರವಾದ್ದರಿಂದ ಒಡಲಿನ ಕಿರಿದಾದ ಅಂಚಿನ ಮೇಲೂ ಕೈತಪ್ಪದೆ ನಿಲ್ಲುತ್ತದೆ. ಮನೆಯ ಪೀಠೋಪಕರಣಗಳ ಅಂಚು ತೆಗೆಯಲೂ ಬರುತ್ತದೆ. ದೊಡ್ಡ ರೂಟರನ್ನು ಮೊದಲ ಸಲ ಹಿಡಿದವರಿಗೆ ಅದರ ಎಳೆತ ಭಯ ಹುಟ್ಟಿಸುತ್ತದೆ, ಆ ಭಯ ಅಕಾರಣವಲ್ಲ. ಕೊಳ್ಳುವಾಗ ನೋಡಬೇಕಾದದ್ದು ಶಕ್ತಿಗಿಂತ ಹೆಚ್ಚಾಗಿ ಆಳವನ್ನು ಬಿಗಿಯುವ ಕೀಲು. ಕೆಲಸದ ನಡುವೆ ಆ ಕೀಲು ಅದುರಿ ಸಡಿಲಗೊಂಡರೆ ಕುಳಿಯ ಆಳ ತಾನಾಗಿಯೇ ಹೆಚ್ಚುತ್ತದೆ. ಒಡಲಿನ ಬೆನ್ನಿಗೆ ತೂತು ಬೀಳುವವರೆಗೂ ಅದು ತಿಳಿಯದಿರಬಹುದು.

ಬಿಟ್‌ಗಳು. ಯಂತ್ರದಲ್ಲಿ ಉಳಿಸಿದ ಹಣವನ್ನು ಬಿಟ್‌ಗಳಿಗೆ ಹಾಕಬೇಕು. ಮರವನ್ನು ಕೊಯ್ಯುವುದು ಯಂತ್ರವಲ್ಲ, ಬಿಟ್. ಕಾರ್ಬೈಡ್ ಅಲಗಿನ ನಾಲ್ಕು ಬಿಟ್‌ಗಳಲ್ಲಿ ಒಂದು ಗಿಟಾರ್ ಮುಗಿಯುತ್ತದೆ: ಮೇಲ್ಗಡೆ ಬೇರಿಂಗ್ ಇರುವ ನೇರ ಬಿಟ್, ಕೆಳತುದಿಯಲ್ಲಿ ಬೇರಿಂಗ್ ಇರುವ ನೇರ ಬಿಟ್, ಟ್ರಸ್ ರಾಡ್‌ನ ಅಗಲಕ್ಕೆ ಸರಿಯಾದ ಸಣ್ಣ ನೇರ ಬಿಟ್, ಅಂಚನ್ನು ದುಂಡಾಗಿಸುವ ಬಿಟ್. ಕುತ್ತಿಗೆಯೊಳಗೆ ಹುದುಗಿ, ತಂತಿಗಳ ಎಳೆತಕ್ಕೆ ಅದು ಬಾಗದಂತೆ ತಡೆಯುವ ಲೋಹದ ಸರಳೇ ಟ್ರಸ್ ರಾಡ್. ಗಿಬ್ಸನ್ ಸಂಸ್ಥೆಯ ಥ್ಯಾಡಿಯಸ್ ಮೆಕ್‌ಹ್ಯೂ ಹೊಂದಿಸಬಲ್ಲ ಟ್ರಸ್ ರಾಡ್‌ಗೆ 1923ರಲ್ಲಿ ಪೇಟೆಂಟ್ ಪಡೆದ. ಇಂದು ಸಿಗುವ ಸರಳುಗಳ ಅಗಲ ಒಂದೇ ಸಮವಾಗಿಲ್ಲ; 6 ಮಿ.ಮೀ.ನದೂ 6.35 ಮಿ.ಮೀ.ನದೂ ಉಂಟು. ಆದಕಾರಣ ಸರಳನ್ನು ಮೊದಲು ಕೊಂಡು, ಕ್ಯಾಲಿಪರಿನಿಂದ ಅಳೆದು, ಬಳಿಕ ಬಿಟ್ ಕೊಳ್ಳಬೇಕು.

ಬಿಟ್‌ನ ದಂಡವನ್ನು ಹಿಡಿಯುವ ಭಾಗವಾದ ಕಾಲೆಟ್‌ನಲ್ಲಿಯೂ ಇದೇ ಗೊಂದಲವಿದೆ. ಭಾರತದ ಪೇಟೆಯಲ್ಲಿ 6 ಮಿ.ಮೀ. ಮತ್ತು ಕಾಲು ಅಂಗುಲ, ಅಂದರೆ 6.35 ಮಿ.ಮೀ., ಎರಡೂ ಅಕ್ಕಪಕ್ಕದಲ್ಲಿ ಮಾರಾಟವಾಗುತ್ತವೆ. ಕಾಲು ಅಂಗುಲದ ಕಾಲೆಟ್‌ಗೆ 6 ಮಿ.ಮೀ. ದಂಡವನ್ನು ಹಾಕಿ ಬಿಗಿದರೆ ಹಿಡಿದಂತೆ ಕಾಣುತ್ತದೆ. ಪೂರ್ಣ ವೇಗದಲ್ಲಿ ಬಿಟ್ ಜಾರಿ ಹೊರಗೆ ಬರಬಹುದು. ಇದು ಪ್ರಾಣಾಪಾಯದ ವಿಷಯ.

ಅಚ್ಚುಹಲಗೆ. ಟೆಂಪ್ಲೇಟ್ ಎಂದು ಕರೆಯುವ ಅಚ್ಚುಹಲಗೆಯನ್ನು 9ರಿಂದ 12 ಮಿ.ಮೀ. ದಪ್ಪದ ಎಂ.ಡಿ.ಎಫ್. ಹಲಗೆಯಿಂದ ಮಾಡುತ್ತಾರೆ. ಬಿಟ್‌ನ ಬೇರಿಂಗ್ ಈ ಅಚ್ಚಿನ ಅಂಚಿಗೆ ಒರಗಿ ಉರುಳುತ್ತದೆ. ಬಿಟ್ ಕೆಳಗಿನ ಮರವನ್ನು ಅದೇ ಆಕಾರಕ್ಕೆ ಕೊಯ್ಯುತ್ತದೆ. ಅಚ್ಚಿನ ಪ್ರತಿ ಉಬ್ಬುತಗ್ಗೂ ಮರದಲ್ಲಿ ಮೂಡುವುದರಿಂದ ಅಚ್ಚನ್ನು ಅರ ಮತ್ತು ಉಪ್ಪುಕಾಗದದಿಂದ ತಾಳ್ಮೆಯಿಂದ ತಿದ್ದಬೇಕು. ಅಚ್ಚು ಕೆಟ್ಟರೆ ಹೋಗುವುದು ಎಂ.ಡಿ.ಎಫ್.ನ ಒಂದು ತುಂಡು, ಮರ ಕೆಟ್ಟರೆ ಹೋಗುವುದು ಇಡೀ ಒಡಲು. ಅಚ್ಚನ್ನು ಮರಕ್ಕೆ ಹಿಡಿಸಲು ಎರಡು ಬದಿಯ ಟೇಪು ಸಾಕಾಗುತ್ತದೆ.

ಕುತ್ತಿಗೆ ಕೂರುವ ಕುಳಿಗೆ ಅಚ್ಚನ್ನು ಕೊಳ್ಳುವುದಕ್ಕಿಂತ ಸ್ವತಃ ಮಾಡುವುದೇ ಲೇಸು. ಸಿದ್ಧವಾದ ಕುತ್ತಿಗೆಯನ್ನು ಒಡಲಿನ ಮಧ್ಯರೇಖೆಗೆ ಹೊಂದಿಸಿ ಇಟ್ಟು, ಅದರ ಎರಡು ಬದಿ ಮತ್ತು ಹಿಂತುದಿಗೆ ನೇರವಾದ ಪಟ್ಟಿಗಳನ್ನು ಒತ್ತಿ ಅಂಟಿಸಿದರೆ ಆ ಕುತ್ತಿಗೆಗೇ ಒಪ್ಪುವ ಅಚ್ಚು ಸಿದ್ಧವಾಗುತ್ತದೆ. ಫೆಂಡರ್ ಬಗೆಯಲ್ಲಿ ಈ ಕುಳಿಯ ಆಳ ಸುಮಾರು 16 ಮಿ.ಮೀ. ಇರುತ್ತದೆ. ಸುಮಾರು 75 ಮಿ.ಮೀ. ಉದ್ದದ ಕುಳಿಯಲ್ಲಿ ಅರ್ಧ ಮಿ.ಮೀ. ಓರೆಯಾದರೆ, ಅಲ್ಲಿಂದ 450 ಮಿ.ಮೀ. ದೂರದಲ್ಲಿರುವ ಕುತ್ತಿಗೆಯ ತುದಿಯಲ್ಲಿ ಆ ಓರೆ 3 ಮಿ.ಮೀ. ಆಗುತ್ತದೆ. ಆಗ ಅಂಚಿನ ತಂತಿ ಬೆರಳುಹಲಗೆಯಿಂದ ಹೊರಕ್ಕೆ ಜಾರುತ್ತದೆ.

ಬಳಸುವ ಕ್ರಮ. ಟ್ರಿಮ್ಮರಿನಿಂದ ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳವಾಗಿ ಕೊರೆಯಬಾರದು. ಒಡಲಿನ ಹೊರ ಆಕಾರವನ್ನು ಗೆರೆಯಿಂದ 2–3 ಮಿ.ಮೀ. ಹೊರಗೆ ಗರಗಸದಿಂದ ಕೊಯ್ದುಕೊಂಡು, ಕುಳಿಗಳ ಒಳಗಿನ ಮರವನ್ನು ಬೈರಿಗೆಯಿಂದ ತೆಗೆದುಕೊಂಡು, ಉಳಿದ ಸ್ವಲ್ಪವನ್ನು ಮಾತ್ರ ರೂಟರಿಗೆ ಬಿಡಬೇಕು. ಒಡಲಿನ ಪೂರ್ತಿ ದಪ್ಪಕ್ಕೆ ಸಣ್ಣ ಬಿಟ್ ಎಟುಕುವುದಿಲ್ಲ. ಅಚ್ಚಿನ ಕಡೆಯಿಂದ ಅರ್ಧ ದಪ್ಪದವರೆಗೆ ಕೊಯ್ದು, ಅಚ್ಚನ್ನು ತೆಗೆದು, ಒಡಲನ್ನು ಮಗುಚಿ, ಕೆಳತುದಿಯ ಬೇರಿಂಗ್ ಈಗಾಗಲೇ ಕೊಯ್ದ ಮುಖಕ್ಕೆ ಒರಗುವಂತೆ ಉಳಿದರ್ಧವನ್ನು ಕೊಯ್ಯಬಹುದು.

ಮೇಲಿನಿಂದ ನೋಡಿದಾಗ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಆದ್ದರಿಂದ ಹಲಗೆಯ ಹೊರ ಅಂಚಿನಲ್ಲಿ ಯಂತ್ರವನ್ನು ಅಪ್ರದಕ್ಷಿಣವಾಗಿಯೂ ಕುಳಿಯ ಒಳ ಅಂಚಿನಲ್ಲಿ ಪ್ರದಕ್ಷಿಣವಾಗಿಯೂ ನಡೆಸಬೇಕು. ದಿಕ್ಕು ತಪ್ಪಿದರೆ ಬಿಟ್ ಮರವನ್ನು ಹತ್ತಿಕೊಂಡು ಯಂತ್ರವನ್ನೇ ಎಳೆದೊಯ್ಯುತ್ತದೆ. ಒಡಲಿನ ಕೊಂಬುಗಳ ಬಳಿ ಎಳೆ ಅಡ್ಡವಾಗುವುದರಿಂದ ಅಲ್ಲಿ ಸೀಳು ಏಳುವ ಸಂಭವ ಹೆಚ್ಚು. ಆ ಜಾಗದಲ್ಲಿ ಅತಿ ತೆಳುವಾಗಿ ಕೊಯ್ಯಬೇಕು. ಬಿಟ್ ಬದಲಿಸುವಾಗ ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕು. ಲುಂಗಿ, ದುಪಟ್ಟ, ಸೆರಗು, ಸಡಿಲ ತೋಳಿನ ಅಂಗಿ ತಿರುಗುವ ಬಿಟ್‌ಗೆ ಸಿಲುಕುತ್ತವೆ. ಕೈಗವಸು ರಕ್ಷಣೆಯೆಂದು ತೋರಿದರೂ ಅದೂ ಸಿಲುಕುವ ವಸ್ತುವೇ.

ಫ್ರೆಟ್ ಕೆಲಸದ ಸಾಧನಗಳು

ವಾದ್ಯ ಸರಾಗವಾಗಿ ನುಡಿಯುವುದೋ ಕರಕರ ಎನ್ನುವುದೋ ನಿರ್ಧಾರವಾಗುವುದು ಇಲ್ಲಿ. ಫ್ರೆಟ್‌ಗಳನ್ನು ಕೂರಿಸಲು ಹಿತ್ತಾಳೆ ಅಥವಾ ನೈಲಾನ್ ಮುಖದ ಸುತ್ತಿಗೆ ಬೇಕು. ಉಕ್ಕಿನ ಸುತ್ತಿಗೆ ಫ್ರೆಟ್ ಮೇಲೆ ಗುಳಿ ಬೀಳಿಸುತ್ತದೆ. ತುದಿಗಳನ್ನು ಕತ್ತರಿಸಲು ಸಾಮಾನ್ಯ ಮೊಳೆ ಕೀಳುವ ಇಕ್ಕಳದ ಮುಖವನ್ನು ಸಾಣೆಯ ಮೇಲೆ ಚಪ್ಪಟೆಯಾಗಿ ಉಜ್ಜಿಸಿಕೊಂಡರೆ ವಿಶೇಷ ಇಕ್ಕಳದ ಕೆಲಸವನ್ನೇ ಮಾಡುತ್ತದೆ. ಎಲ್ಲ ಫ್ರೆಟ್‌ಗಳ ನೆತ್ತಿಯನ್ನು ಒಂದೇ ಮಟ್ಟಕ್ಕೆ ತರಲು ನೇರವಾದ ಅಲ್ಯೂಮಿನಿಯಂ ಕೊಳವೆಗೆ ಉಪ್ಪುಕಾಗದ ಅಂಟಿಸಿ ಬಳಸುವುದು ರೂಢಿ. ಮಟ್ಟ ಮಾಡಿದ ಮೇಲೆ ಚಪ್ಪಟೆಯಾದ ನೆತ್ತಿಯನ್ನು ಮತ್ತೆ ದುಂಡಾಗಿಸುವ ಅರ ದುಬಾರಿ. ಅದರ ಬದಲು ಗರಗಸ ಮಸೆಯುವ ಮುಕ್ಕೋನದ ಅರದ ಅಂಚುಗಳನ್ನು ಸಾಣೆ ಹಿಡಿದು ನುಣುಪಾಗಿಸಿ ಬಳಸುವ ಪದ್ಧತಿ ವೃತ್ತಿಪರರಲ್ಲಿಯೂ ಇದೆ. ಅಂಚು ನುಣುಪಾಗಿಲ್ಲದಿದ್ದರೆ ಅರ ಬೆರಳುಹಲಗೆಯನ್ನು ಗೀರುತ್ತದೆ.

ತಂತಿ ಮತ್ತು ಫ್ರೆಟ್ ನಡುವಣ ಅಂತರವನ್ನು ಅಳೆಯಲು ಮೋಟಾರು ರಿಪೇರಿಯವರು ಬಳಸುವ ಫೀಲರ್ ಗೇಜು ಯಥೇಷ್ಟ. ನಟ್‌ನಲ್ಲಿ ತಂತಿ ಕೂರುವ ಸಣ್ಣ ಕಚ್ಚುಗಳನ್ನು ಕೊರೆಯುವ ಅರಗಳ ಜೊತೆಯು ಈ ಹವ್ಯಾಸದ ದುಬಾರಿ ವಸ್ತುಗಳಲ್ಲಿ ಒಂದು. ಮೊದಲ ವಾದ್ಯಕ್ಕೆ ಅದನ್ನು ಕೊಳ್ಳಬೇಕಾಗಿಲ್ಲ. ಗ್ಯಾಸ್ ವೆಲ್ಡಿಂಗ್ ಮೂತಿಯನ್ನು ಶುಚಿಗೊಳಿಸುವ, ಬೇರೆ ಬೇರೆ ದಪ್ಪದ ಒರಟು ತಂತಿಗಳ ಕಟ್ಟು ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಕೆಲಸ ನಿಧಾನ, ಆದರೆ ನಟ್‌ಗೆ ನಿಧಾನವೇ ಹಿತ. ಕಚ್ಚು ಒಂದು ಕೂದಲೆಳೆಯಷ್ಟು ಆಳವಾದರೂ ಬಿಟ್ಟ ತಂತಿ ಮೊದಲ ಫ್ರೆಟ್‌ಗೆ ತಾಗಿ ಕರಕರ ಎನ್ನುತ್ತದೆ.

ಒತ್ತಿ ಹಿಡಿಯುವ ಸಾಧನಗಳು

ಕ್ಲಾಂಪ್‌ಗಳು ಎಷ್ಟಿದ್ದರೂ ಸಾಲವು ಎಂಬ ಮಾತು ಮರಗೆಲಸದವರಲ್ಲಿದೆ. ಹಣ ಉಳಿಸುವ ದಾರಿಗಳೂ ಹಳೆಯವೇ. ಸೈಕಲ್ಲಿನ ಹಳೆಯ ಟ್ಯೂಬನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಕುತ್ತಿಗೆ ಮತ್ತು ಬೆರಳುಹಲಗೆಯನ್ನು ಒಟ್ಟಿಗೆ ಬಿಗಿಯಾಗಿ ಸುತ್ತಿದರೆ ಒತ್ತಡ ಎಲ್ಲ ಕಡೆಯೂ ಒಂದೇ ಸಮನಾಗಿ ಬೀಳುತ್ತದೆ. ಹಗ್ಗ ಮತ್ತು ಬೆಣೆಗಳಿಂದ ಬಿಗಿಯುವುದು ಸ್ಪೇನಿನ ತಯಾರಕರ ಸಂಪ್ರದಾಯ. ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆಗೆ ಒಳಪಟ್ಟಿಗಳನ್ನು ಅಂಟಿಸುವಾಗ, ಮೇಜಿಗೂ ಅದರ ಮೇಲಿನ ಹಲಗೆಗೂ ನಡುವೆ ಬಾಗುವ ಕಡ್ಡಿಗಳನ್ನು ಸಿಕ್ಕಿಸಿ ಒತ್ತುವ ಕ್ರಮವಿದೆ. ಸೀಳಿದ ಬಿದಿರಿನ ದಬ್ಬೆ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಮರ ಮತ್ತು ಧೂಳು

ಗಿಟಾರ್ ಪ್ರಪಂಚಕ್ಕೂ ಕರ್ನಾಟಕಕ್ಕೂ ಇರುವ ನೇರವಾದ ನಂಟು ಬೀಟೆ ಮರ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಈ ಮರವನ್ನು ಹೊರದೇಶದವರು ಇಂಡಿಯನ್ ರೋಸ್‌ವುಡ್ ಎನ್ನುತ್ತಾರೆ. ಬ್ರೆಜಿಲ್ ದೇಶವು ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತನ್ನು ನಿರ್ಬಂಧಿಸಿದ ಮೇಲೆ ಅಮೆರಿಕದ ಮಾರ್ಟಿನ್ ಸಂಸ್ಥೆ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಬೆರಳುಹಲಗೆಗೆ ಅದು ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬೀಟೆಯ ಕುಲಕ್ಕೆ ಸೇರಿದ ಮರಗಳು 2017ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಸಿದ್ಧ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಕರ್ನಾಟಕದಲ್ಲಿ ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಅವಶ್ಯಕವಾದ್ದರಿಂದ ಹಲಗೆಯನ್ನು ರಸೀದಿ ಸಹಿತ ಕೊಳ್ಳುವುದು ಕ್ಷೇಮ. ಮೈಸೂರಿನ ಕುಶಲಕರ್ಮಿಗಳು ಬೀಟೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಹುದುಗಿಸಿ ಚಿತ್ರ ಬಿಡಿಸುವ ಕಲೆಗೆ ಹೆಸರಾಗಿದ್ದಾರೆ. ಗಿಟಾರಿನ ಬೆರಳುಹಲಗೆಯಲ್ಲಿ ಅಲಂಕಾರ ಕೂರಿಸುವ ವಿಧಾನವೂ ಮೂಲತಃ ಅದೇ.

ಕಲಿಯುವ ಕೈಗೆ ಬೆಲೆಬಾಳುವ ಮರ ಬೇಡ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರ ಅಭ್ಯಾಸದ ಒಡಲಿಗೆ ಸಾಕಾಗುತ್ತದೆ. ತೇಗ ಸುಲಭವಾಗಿ ಸಿಕ್ಕರೂ ಅದರಲ್ಲಿರುವ ಸಿಲಿಕಾ ಅಲಗನ್ನು ಬೇಗ ಮೊಂಡಾಗಿಸುತ್ತದೆ. ಎಣ್ಣೆಯ ಅಂಶವಿರುವುದರಿಂದ ಅಂಟು ಹಾಕುವ ಮೊದಲು ಮೇಲ್ಮೈಯನ್ನು ಒರೆಸಬೇಕಾಗುತ್ತದೆ. ಯಾವ ಮರವಾದರೂ ಚೆನ್ನಾಗಿ ಒಣಗಿರಬೇಕು. ಮಳೆಗಾಲದಲ್ಲಿ ಮಲೆನಾಡು ಮತ್ತು ಕರಾವಳಿಯಲ್ಲಿ ಅಂಟಿಸಿದ ಕುತ್ತಿಗೆ ಬೇಸಿಗೆಯಲ್ಲಿ ತಿರುಚಿಕೊಳ್ಳುವ ಸಂಭವವಿದೆ.

ಬೀಟೆಯ ಧೂಳು ಹಲವರಲ್ಲಿ ಚರ್ಮದ ತುರಿಕೆಯನ್ನೂ ಉಸಿರಾಟದ ತೊಂದರೆಯನ್ನೂ ಉಂಟುಮಾಡುತ್ತದೆ. ಎಂ.ಡಿ.ಎಫ್.ನ ಧೂಳು ಅತಿ ಸೂಕ್ಷ್ಮವಾಗಿದ್ದು ಅದರಲ್ಲಿ ಅಂಟಿನ ರಾಸಾಯನಿಕಗಳೂ ಸೇರಿರುತ್ತವೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಇದು ನಿಲ್ಲುವುದಿಲ್ಲ. ಎನ್-95 ದರ್ಜೆಯ ಮುಖಗವಸು ಬೇಕು. ರೂಟರ್ ಮತ್ತು ಉಪ್ಪುಕಾಗದದ ಕೆಲಸವನ್ನು ಮನೆಯೊಳಗಿನ ಕೋಣೆಗಿಂತ ಅಂಗಳದಲ್ಲಿಯೋ ತಾರಸಿಯ ಮೇಲೋ ಮಾಡುವುದು ಮನೆಯವರಿಗೂ ಒಳ್ಳೆಯದು.